ನೀವು ಕುಡಿಯದೆ ಬಿಟ್ಟ ಚಹಾ

ಮಾಮಾ,

ಹೈದರಾಬಾದಿನ ಆ ದೊಡ್ಡ ಹೋಟೆಲಿನಲ್ಲಿ ನೀವು ಒಂದು ದಿನವೂ ಕೂತು ಚಹಾ ಕುಡಿದಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನೀವು ತೀರಿಕೊಂಡ ಮೇಲೆ ತಿಳಿದದ್ದಲ್ಲ, ಅದಕ್ಕೂ ಎರಡು ವರ್ಷ ಮೊದಲೇ ತಿಳಿದಿತ್ತು. ಆ ಎರಡು ವರ್ಷ ಆಳಂದ, ಅಫಜಲಪುರ, ಜೇವರ್ಗಿಯ ಸಂತೆಗಳಲ್ಲಿ ನೀವು ಆ ಚಹಾದ ಕಥೆ ಹೇಳುವಾಗ ನಾನು ಪಕ್ಕದಲ್ಲೇ ನಿಂತು ಹಾಲು ಕಾಸುತ್ತಿದ್ದೆ. ಬಾಯಿ ಬಿಡಲಿಲ್ಲ. ಸುಳ್ಳು ಹೇಳದವನು ಎಂದು ನಮ್ಮೂರು ನರೋಣಾದಲ್ಲಿ ಹೆಸರು ಮಾಡಿದವನು ನಾನು. ಸುಮ್ಮನೆ ಇದ್ದದ್ದು ಸುಳ್ಳಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ನಿಮ್ಮನ್ನೇ ಕೇಳಬೇಕಿತ್ತು. ಕೇಳಲಿಲ್ಲ.

ನೀವು ಹೋಗಿ ವರ್ಷದ ಮೇಲಾಯಿತು. ಈಗ ಬರೆಯಲು ಕಾರಣ ನಿಮ್ಮ ನಾಗಮ್ಮ, ನಮ್ಮ ಅತ್ತಿ. ಚಹಾ ಕಂಪನಿಯಿಂದ ಬಂದ ನಿಮ್ಮ ಕಡೆಯ ಪಗಾರವನ್ನು ಅವರು ಮುಟ್ಟದೆ ಇಟ್ಟಿದ್ದರು. ಆ ರೊಕ್ಕದಲ್ಲಿ, ನೀವು ಕುಡಿದಿರೆಂದು ಅವರು ನಂಬಿದ್ದ ಜಾಗದಲ್ಲೇ ಕೂತು ಒಮ್ಮೆ ಆ ಮಧ್ಯಾಹ್ನದ ಚಹಾ ಕುಡಿದು ಬರಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು. ಹೋಗುವುದೋ ಬೇಡವೋ, ಅದಕ್ಕೆ ಅಷ್ಟು ಬೆಲೆ ಇದೆಯೋ ಇಲ್ಲವೋ ಎಂದು ನನ್ನನ್ನು ಕೇಳಿದರು. ಬೇರೆ ಯಾರನ್ನಾದರೂ ಕೇಳಿದ್ದರೆ...

ನಾನು ಶಾಲೆ ಬಿಟ್ಟ ದಿನ ನಿಮಗೆ ಮರೆತಿರಲಿಕ್ಕಿಲ್ಲ. ಇನ್‌ಸ್ಪೆಕ್ಟರರು ಬಂದು ಹಾಜರಿ ಪುಸ್ತಕ ನೋಡಿ, ದಿನಾ ಇಷ್ಟು ಮಂದಿ ಬರುತ್ತಾರೇನು ಎಂದು ಕೇಳಿದರು. ಅರ್ಧ ಹೆಸರುಗಳ ಹುಡುಗರು ಅಡವಿಯಲ್ಲಿ ದನ ಕಾಯುತ್ತಿದ್ದರು. ಮಾಸ್ತರರು ಹೌದು ಎನ್ನಿರೆಂದು ಮೊದಲೇ ಹೇಳಿಕೊಟ್ಟಿದ್ದರೂ ನಾನು ಎದ್ದು ನಿಂತು ಇಲ್ಲ ಎಂದೆ. ಸಂಜೆಯ ಹೊತ್ತಿಗೆ ಬೆನ್ನ ಮೇಲೆ ಬಾಸುಂಡೆ, ಕಂಕುಳಲ್ಲಿ ಪಾಟಿ. ನೀವು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಖರೇ ಹೇಳಿ ಶಾಲಿ ಕಳಕೊಂಡವ ನಮ್ಮ ಮನಿತನದಾಗ ನೀ ಒಬ್ಬನೇ ನೋಡಲೇ! ಬಾ ನನ್ನ ಸಂಗಾಟ. ಸಂತ್ಯಾಗ ಯಾರೂ ಹಾಜರಿ ಕೇಳಂಗಿಲ್ಲ." ಆಮೇಲೆ ನಾನು ಎಣ್ಣೆ ಗಾಣಕ್ಕೆ ಹೋದೆ, ಬಸ್ಸು ತೊಳೆಯಲು ಹೋದೆ, ಸೊಲ್ಲಾಪುರದ ಗಿರಣಿಗೆ ಹೋಗಿ ಹದಿನೈದು ದಿನಕ್ಕೆ ತಿರುಗಿ ಬಂದೆ. ಎಲ್ಲಿಯೂ ಕಾಲು ನಿಲ್ಲಲಿಲ್ಲ. ಪ್ರತಿ ಸಲ ಬಂದು ನಿಂತದ್ದು ನಿಮ್ಮ ಸ್ಟೋವಿನ ಮುಂದೆ.

ಮೊದಮೊದಲು ಚಹಾ ಎಂದರೆ ಜನ ನಮ್ಮನ್ನು ನಾಟಿ ವೈದ್ಯರ ಹಾಗೆ ನೋಡುತ್ತಿದ್ದರು, ನೆನಪಿದೆಯೇ? ಕಂಪನಿ ನಿಮಗೆ ಪಗಾರ ಕೊಡುತ್ತಿದ್ದದ್ದು ಸಂತೆಯಲ್ಲಿ ಚಹಾ ಕಾಸಿ ಪುಕ್ಕಟೆ ಕುಡಿಸಿ ರೂಢಿ ಮಾಡಿಸುವುದಕ್ಕೆ. ಜನರೋ, ನೆಗಡಿ ಇದ್ದವರನ್ನಷ್ಟೇ ಮುಂದೆ ತಳ್ಳುತ್ತಿದ್ದರು. ಒಬ್ಬಾಕೆ ಪುಡಿಯ ಪೊಟ್ಟಣ ಮನೆಗೆ ಒಯ್ದು, ಪುಂಡಿಪಲ್ಲೆಗೆ ಮಾಡುವ ಹಾಗೆ ಕುದಿಸಿ, ಕಹಿ ಹೋಗಲೆಂದು ನೀರು ಬಸಿದು ಚೆಲ್ಲಿ, ಉಳಿದ ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿದ್ದಳು. ಮುಂದಿನ ವಾರ ಬಂದು, "ನಿಮ್ಮ ಪಲ್ಯಾ ಹಲ್ಲಾಗ ಸಿಗತದ್ರಿ, ರೊಟ್ಟಿಗಿ ಹೊಂದಂಗಿಲ್ಲ" ಎಂದು ತಕರಾರು ಮಾಡಿದಳು. ನೀವು ನಗಲಿಲ್ಲ. ಆಕೆಯನ್ನು ಮುಂದೆ ಕೂರಿಸಿಕೊಂಡು ಮೊದಲಿನಿಂದ ತೋರಿಸಿದಿರಿ. ಕಂಪನಿಯವರು ಗಡಿಯಾರ ಕೊಟ್ಟಿರಲಿಲ್ಲ. ಪುಡಿ ಹಾಕಿ ಮುಚ್ಚಿದ ಮೇಲೆ ಹದಿನೇಳರ ಮಗ್ಗಿಯನ್ನು ನಿಧಾನಕ್ಕೆ ಮೂರು ಸಲ ಹೇಳಿ ಸೋಸಬೇಕು, ಅದು ನಿಮ್ಮ ಕಾಯಿದೆ. ಶಾಲೆಯಲ್ಲಿ ನನಗೆ ಬಾರದ ಮಗ್ಗಿ ಅಫಜಲಪುರದ ಸಂತೆಯಲ್ಲಿ ಬಂತು. ಸಂತೆಯ ಹೆಂಗಸರಿಗೂ ಬಂತು.

ಸೋಸಿ ಕಪ್ಪುಗಳಿಗೆ ಸುರಿಯುವಾಗ ನಿಮ್ಮ ಕಥೆ ಶುರುವಾಗುತ್ತಿತ್ತು. "ಹೈದ್ರಾಬಾದಿನಾಗ ಒಂದು ಹೋಟೆಲದ. ಮಧ್ಯಾಹ್ನ ನಾಕಕ್ಕ ಬರೋಬ್ಬರಿ ಚಾ. ಬರೇ ಚಾ ಅಲ್ಲ. ಮೂರಂತಸ್ತಿನ ತಬಕ ಬರತದ. ಕೆಳಗಿನ ಅಂತಸ್ತಿನಾಗ ಡಬಲ್ ರೊಟ್ಟಿ, ನಡುವ ಸೌತಿಕಾಯಿ..." ಜೇವರ್ಗಿಯಲ್ಲಿ ಒಬ್ಬ ತಡೆದು ಕೇಳಿದ್ದ. "ಸೌತಿಕಾಯಿಗಿ ರೊಕ್ಕ ಕೊಡ್ತಾರೇನ್ರಿ? ನಮ್ಮ ಹೊಲದಾಗ ಎಮ್ಮಿ ತಿಂತಾವ." ನೀವು ಕಿಟ್ಲಿಯನ್ನು ಎತ್ತಿ ಹಿಡಿದೇ ಕೇಳಿದಿರಿ. "ನಿನ್ನ ಎಮ್ಮಿ ಕುರ್ಚಿ ಮ್ಯಾಲೆ ಕೂತು, ಕಾಲಿನ ಮ್ಯಾಲೆ ಕಾಲ ಹಾಕ್ಕೊಂಡು ತಿಂತದೇನೋ?" ಸಂತೆಯೆಲ್ಲ ನಕ್ಕಿತು. ಸೋತವನು ನನ್ನ ಕಡೆ ತಿರುಗಿದ. "ಲೇ ತಮ್ಮಾ, ನೀ ಹೇಳು. ನಿಮ್ಮ ಮಾಮಾ ಖರೇನ ಅಲ್ಲಿ ಕುಡದಾನೇನು?" ನಾನು, "ನಾ ನೋಡಿಲ್ರಿ" ಎಂದೆ. ಮತ್ತೆ ನಗೆ. ನೀವು ಮಾತ್ರ ನಗದೆ ನನ್ನನ್ನು ಒಂದು ಗಳಿಗೆ ನೋಡಿದಿರಿ. ಆಗ ನಿಮಗೆ ತಿಳಿಯಿತೇ? ನನಗೆ ಗೊತ್ತಿರುವುದು ನಿಮಗೆ ಗೊತ್ತಾಗಿಯೂ ಸುಮ್ಮನಿದ್ದಿರೇ?

ಅದಕ್ಕೂ ಹಿಂದಿನ ಚಳಿಗಾಲದಲ್ಲಿ ನಿಮಗೆ ಜ್ವರ ಬಂದು, ಪುಡಿಯ ಪೆಟ್ಟಿಗೆ ತರಲು ನನ್ನನ್ನು ಒಬ್ಬನೇ ಹೈದರಾಬಾದಿಗೆ ಕಳಿಸಿದಿರಲ್ಲ. ಪೆಟ್ಟಿಗೆಗಳನ್ನು ಸ್ಟೇಶನ್ನಿನಲ್ಲಿ ಒಪ್ಪಿಸಿ, ರೈಲಿಗೆ ಇನ್ನೂ ಹೊತ್ತು ಇದ್ದುದರಿಂದ ಆ ಹೋಟೆಲನ್ನು ಹುಡುಕಿಕೊಂಡು ಹೋದೆ. ಮುಂಬಾಗಿಲ ದರ್ವಾನ ನನ್ನ ಮುಖ ನೋಡಲಿಲ್ಲ, ಬರಿಗಾಲು ನೋಡಿದ. ನೋಡಿ ಕೈ ಬೀಸಿದ. ಗೋಡೆಯ ಗುಂಟ ಸುತ್ತು ಹಾಕಿ ಹಿಂದೆ ಬಂದರೆ, ಅಡುಗೆಮನೆಯ ಬಾಗಿಲಲ್ಲಿ ಯಾರೋ ಯಾರನ್ನೋ ನಮ್ಮ ಮಾತಿನಲ್ಲಿ ಬೈಯುತ್ತಿದ್ದರು. ಅಷ್ಟು ದೂರದಲ್ಲಿ ನಮ್ಮ ಬೈಗುಳ ಕೇಳಿದರೆ ನಿಲ್ಲದೆ ಇರಲಾದೀತೇ? ಬೈಯುತ್ತಿದ್ದವನು ನೆಲೋಗಿಯ ಸಾಯಬಣ್ಣ, ಆ ಹೋಟೆಲಿನಲ್ಲಿ ಮೇಜಿಗೆ ತಬಕು ಒಯ್ದು ಕೊಡುವ ಬೇರಾ. ನಿಮ್ಮ ಹೆಸರು ಹೇಳಿದ ಕೂಡಲೇ ಮುಖ ಅರಳಿತು.

"ಚಾ ಕಂಪನಿಯವ್ರಾ? ಹೈದ್ರಾಬಾದಿಗಿ ಬಂದಾಗೊಮ್ಮೆ ಬರ್ತಾರಲ್ಲ! ಇಲ್ಲೇ, ಈ ಬಾಗಲಾಗ ನಿಂದರ್ತಾರ. ತಬಕ ಹೊರಗ ಹೋಗಬೇಕಾರ ಒಂದೊಂದರ ಹೆಸರು ಕೇಳ್ತಾರ. ಇದಕ್ಕೇನಂತಾರ, ಅದ್ಯಾಕ ಮ್ಯಾಲಿನ ಅಂತಸ್ತಿನಾಗ ಇಡ್ತಾರ ಅಂತ."

"ಒಳಗ ಕೂತು ಕುಡದಿಲ್ಲೇನ್ರಿ?" ಎಂದೆ.

"ಒಳಗ?" ಸಾಯಬಣ್ಣ ಹಿಂದೆ ತಿರುಗಿ ನೋಡಿ ದನಿ ಇಳಿಸಿದ. "ಒಳಗ ಎಲ್ಲಿ ತಮ್ಮಾ. ಒಮ್ಮಿ ನಾನೇ ಒಂದು ಕಪ್ಪು ತಂದು ಕೈಯಾಗ ಕೊಟ್ಟೆ. ಒಲ್ಲೆ ಅಂದ್ರು. ಕುಡದ್ರ ಮುಂದಿನ ಬಾಗಲಿಂದ ಬರ್ತೇನಿ, ನಮ್ಮಾಕೀನ ಕರ್ಕೊಂಡು ಬಂದು ಇಬ್ರೂ ಕೂತು ಕುಡಿತೇವಿ ಅಂದ್ರು. ಆರಿ ಹೋತು, ಕಡೀಕ ನಾನೇ ಕುಡದೆ."

ಆಮೇಲೆ ಒಂದು ಡಬ್ಬಿ ತಂದು ತೋರಿಸಿದ. ನಮ್ಮ ಕಂಪನಿಯದೇ ಪುಡಿ, ನಾವು ಸಂತೆಯಲ್ಲಿ ಪುಕ್ಕಟೆ ಕೊಡುವ ಅದೇ ಗುರುತಿನದು. "ನೀರು ಬ್ಯಾರೆ, ಕಪ್ಪು ಬ್ಯಾರೆ. ಉಳಿದಿದ್ದೆಲ್ಲಾ ಒಂದೇ" ಎಂದು ನಕ್ಕ. ಇಬ್ಬರು ಕೂತು ಎದ್ದರೆ ಎಷ್ಟಾಗುತ್ತದೆ ಎಂದು ಕೇಳಿದೆ. "ಒಂದು ಮನಿಗಿ ತಿಂಗಳ ಜ್ವಾಳ" ಎಂದ.

ರೈಲಿನಲ್ಲಿ ವಾಡಿಯವರೆಗೂ ನನಗೆ ನಿಮ್ಮ ಮೇಲೆ ಸಿಟ್ಟು ಇತ್ತು. ನೀವು ಆ ಕಪ್ಪನ್ನು ಯಾಕೆ ಬೇಡ ಎಂದಿರಿ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಸುಳ್ಳು ಹೇಳಿದಿರಿ ಎಂಬುದೊಂದೇ ತಲೆಯಲ್ಲಿತ್ತು. ನರೋಣಾಕ್ಕೆ ಬಂದು ಇಳಿದೊಡನೆ ಕೇಳಿಬಿಡಬೇಕು ಎಂದುಕೊಂಡೆ. ಬಂದರೆ ನೀವು ಕಂಬಳಿ ಹೊದ್ದು ಕೂತಿದ್ದಿರಿ, ಅತ್ತಿ ಗಂಜಿ ಕುಡಿಸುತ್ತಿದ್ದರು. "ಹೋಟೆಲ್ ನೋಡಿದ್ಯೇನಲೇ? ಛಂದ ಅದ ಹೌದಿಲ್ಲೋ?" ಎಂದಿರಿ. "ಅದ್ರಿ" ಎಂದೆ. ಅದು ಸುಳ್ಳಲ್ಲ, ಛಂದವೇ ಇತ್ತು. ಇನ್ನೊಂದು ಮಾತನ್ನು ನಾಳೆ ಕೇಳೋಣ ಎಂದುಕೊಂಡೆ. ಹಾಗೆ ಎರಡು ವರ್ಷ ನಡೆಯಿತು. ಆಮೇಲೆ ಜ್ವರ ತಿರುಗಿ ಬಂತು, ಮತ್ತೆ...

ನೀವು ಹೋದ ಮೇಲೆ ಕಂಪನಿಯವರು ಸ್ಟೋವು, ಕಿಟ್ಲಿ ನನಗೇ ಕೊಟ್ಟು ಸಂತೆ ನಡೆಸು ಎಂದರು. ಪರದೇಶದ ಲಡಾಯಿ ಶುರುವಾದಾಗಿನಿಂದ ಚಿಮಣಿ ಎಣ್ಣೆ ಸಿಗುವುದು ಕಷ್ಟವಾದ್ದರಿಂದ ಈಗ ಕೆಲವು ಸಂತೆಗಳಲ್ಲಿ ಮೂರು ಕಲ್ಲು ಹೂಡಿ ಕಟ್ಟಿಗೆಯಲ್ಲಿ ಕಾಸುತ್ತೇನೆ. ಹೋದ ತಿಂಗಳು ಅಫಜಲಪುರದಲ್ಲಿ ಜನ ಕೂಡಿದರು, ಮಗ್ಗಿ ಮುಗಿಯಿತು, ಸೋಸಿದೆ. ಒಬ್ಬ ಮುದುಕ ಚಹಾದ ಬಶಿಯನ್ನು ನೆಲದ ಮೇಲಿಟ್ಟು, "ಹೂಂ, ಆ ಹೋಟೆಲಿನ ಕಥಿ ತಗಿ" ಎಂದ. ಅದನ್ನು ನಾನು ಹೇಳುವುದಿಲ್ಲ ಎಂದೆ. ಯಾಕೆ? ನಾನು ಅಲ್ಲಿ ಕುಡಿದಿಲ್ಲ, ಅದಕ್ಕೆ. "ಅಯ್ಯ, ಕುಡದಿಲ್ಲಂದ್ರ ಏನಾತು? ನಾ ಕಾಶಿ ನೋಡಿಲ್ಲ, ಮೊಮ್ಮಕ್ಕಳಿಗಿ ಹೇಳಂಗಿಲ್ಲೇನು?" ನಾನು ಒಪ್ಪಲಿಲ್ಲ. "ಕಥಿ ಇಲ್ಲದ ಚಾ ಯಾರಿಗಿ ಬೇಕೋ ಮಾರಾಯಾ" ಎಂದು ಎದ್ದು ಹೋದ. ಅವನ ಹಿಂದೆ ಅರ್ಧ ಜನ ಹೋದರು. ಅಂದು ಹಾಲು ಉಳಿಯಿತು.

ನಿಮ್ಮ ತಮ್ಮ, ನಮ್ಮ ಸಣ್ಣ ಮಾಮಾ, ಅಂದು ತೊಗರಿ ಮಾರಲು ಅದೇ ಸಂತೆಗೆ ಬಂದಿದ್ದರು. ಮನೆಗೆ ಹೋಗಿ ಅತ್ತಿಗೆ ಎಲ್ಲ ಹೇಳಿದ್ದಾರೆ. ಮರುದಿನ ನಾನು ಹೋದಾಗ ಅತ್ತಿ ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದರು.

"ನಿಮ್ಮ ಮಾಮಾ ಹೇಳೂ ಕಥಿ ನೀ ಹೇಳೂದಿಲ್ಲಂತ. ಯಾಕ?"

"ನಾ ಕುಡದಿಲ್ರಿ ಅತ್ತಿ."

"ಅವ್ರು ಕುಡದಾರಲ್ಲ. ಅವ್ರು ಕುಡದಾರಂತ ಹೇಳು."

ನಾನು ಒಲೆಯ ಕಟ್ಟಿಗೆಯನ್ನು ಮುಂದಕ್ಕೆ ತಳ್ಳಿದೆ. ರೊಟ್ಟಿಯ ಸದ್ದು ನಿಂತಿತು.

"ಅಲ್ಲಿಗಿ ಹೋಗಬೇಕಂತ ರೊಕ್ಕ ಇಟ್ಕೊಂಡು ಕೂತೇನಿ. ಹೋಗೂದು ಚೊಲೋನೋ ಅಲ್ಲೋ ಅಂತ ನಿನ್ನೇ ಕೇಳಬೇಕಂತಿದ್ದೆ. ನೀ ಸುಳ್ಳು ಹೇಳಂಗಿಲ್ಲಂತ ಊರಿಗೇ ಗೊತ್ತದ. ಹೇಳು."

ಏನು ಮಾಡಬೇಕಿತ್ತು ಮಾಮಾ? ಹೋಗಿ ಬನ್ನಿ ಎಂದಿದ್ದರೆ ಅವರು ನೀವು ಕೂರದ ಕುರ್ಚಿಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಬೇಡ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಹೇಳಿಬಿಟ್ಟೆ. ಹಿಂಬಾಗಿಲು, ತಬಕು, ಸಾಯಬಣ್ಣ, ಎಲ್ಲ. ನಿಮ್ಮ ಮಾನ ಕಳೆಯಬೇಕೆಂದು ಹೇಳಿದ್ದಲ್ಲ. ಕಳೆದಿದ್ದರೆ ಕಳೆದದ್ದೇ, ಅದಕ್ಕೆ ನಾನು ಬೇರೆ ಹೆಸರು ಕೊಡುವುದಿಲ್ಲ.

ಅತ್ತಿ ಹಿಟ್ಟಿನ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಹಾಗೇ ಕೇಳಿದರು. "ನಿಂತಿದ್ರಾ? ಕೂತಿದ್ರಾ?"

"ನಿಂತಿದ್ರಂತ್ರಿ."

"ಕೊಟ್ಟರೂ ಕುಡೀಲಿಲ್ಲ?"

"ಇಲ್ಲಂತ್ರಿ."

"ನಾ ಬರಬೇಕಂತ?"

"ಹೌದ್ರಿ."

ಅವರು ಅಳುತ್ತಾರೆ ಎಂದುಕೊಂಡಿದ್ದೆ. ಸಿಟ್ಟಿಗೆದ್ದರು. "ಹುಚ್ಚ ಮನಷಾ! ದಿನಾ ಸಂತಿ ತುಂಬ ಮಂದಿಗಿ ಕಪ್ಪು ತುಂಬಿ ಕೊಟ್ಟಾವ, ತನಗೊಬ್ಬ ತಂದು ಕೊಟ್ಟರ ಒಲ್ಲೆ ಅನ್ನೂದೇನು? ಕುಡದು ಬಂದಿದ್ರ ನಾ ಬ್ಯಾಡ ಅಂತಿದ್ನಾ? ಮನೀಗಿ ಬಂದು ಕುಡದೇನಿ ಅಂತ ಹೇಳೂದು ಬ್ಯಾರೆ!" ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಆ ಸೀದ ರೊಟ್ಟಿಯನ್ನೇ ನನ್ನ ತಾಟಿಗೆ ಹಾಕಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ಆ ಮನೆಯಲ್ಲಿ ಚಹಾ ಕಾಸಲಿಲ್ಲ.

ಮೂರನೆಯ ದಿನ ಕರೆಕಳಿಸಿದರು. ಸಣ್ಣ ಮಾಮಾ ಮೊದಲೇ ಬಂದು ಕೂತಿದ್ದರು. ಅವರ ವಾದ ನೆಟ್ಟಗಿತ್ತು. ಮಾಳಿಗೆ ಸೋರುತ್ತಿದೆ, ಮಣ್ಣು ಹಾಕಿಸಬೇಕು. ಅದೇ ರೊಕ್ಕ ಸಾಕು. "ಮ್ಯಾಲಾಗಿ ಗಂಡ ಸತ್ತಾಕಿ ಹೈದ್ರಾಬಾದಿಗಿ ಹೋಗಿ ಹೋಟೆಲಿನ್ಯಾಗ ಕುರ್ಚಿ ಮ್ಯಾಲೆ ಕೂತು ಚಾ ಕುಡದಳಂದ್ರ, ಮಂದಿ ಏನಂದಾರು ವೈನಿ?"

"ಚಾ ಕುಡದಳು ಅಂತಾರ" ಎಂದರು ಅತ್ತಿ. ನನ್ನ ಕಡೆ ತಿರುಗಿದರು. "ನೀ ಹೇಳು. ನಿಮ್ಮ ಮಾಮಾನ ಮಾತು ಬಿಡು. ಆ ಚಾಕ್ಕ ಅಷ್ಟು ಬೆಲಿ ಅದ ಏನು?"

ಇಲ್ಲ ಎಂದೆ. ನನಗೆ ತಿಳಿದಷ್ಟನ್ನು ಹೇಳಿದೆ. ಪುಡಿ ನಮ್ಮದೇ. ಹಾಲು ಬೇರೆ ಪಾತ್ರೆಯಲ್ಲಿ ತಂದಿಡುತ್ತಾರೆ, ಬೆರೆಸುವ ಹೊತ್ತಿಗೆ ಅರ್ಧ ಆರಿರುತ್ತದೆ. ಬಶಿಗೆ ಸುರಿದುಕೊಂಡರೆ ಆಚೆ ಮೇಜಿನವರು ನೋಡುತ್ತಾರೆ. ಸೌತೆಕಾಯಿ ಸೌತೆಕಾಯಿಯೇ. ಉಳಿದದ್ದು ಒಂದು ತಾಸು ಕೂರುವುದಕ್ಕೆ ಮೆತ್ತನೆಯ ಕುರ್ಚಿ, ಬಿಳಿ ಬಟ್ಟೆ ಹಾಸಿದ ಮೇಜು. ತಿಂಗಳ ಜೋಳವನ್ನು ಅದಕ್ಕೆ ಕೊಡುವುದಾದರೆ, ನನ್ನ ತಿಳುವಳಿಕೆಯಲ್ಲಿ ಅದು ಬಾಳುವುದಿಲ್ಲ. ಸಣ್ಣ ಮಾಮಾ ನನ್ನ ಬೆನ್ನು ತಟ್ಟಿದರು. ನನಗೆ ಅದು ಸೇರಲಿಲ್ಲ.

ಅತ್ತಿ ಎಲ್ಲವನ್ನೂ ಕೇಳಿಸಿಕೊಂಡರು. "ಇದೆಲ್ಲಾ ಆ ಸಾಯಬಣ್ಣ ಹೇಳಿದ್ದು. ನೀ ಕುಡದಿಲ್ಲ."

"ಇಲ್ರಿ."

"ಅವ್ರೂ ಕುಡದಿಲ್ಲ. ಕುಡೀದೆ ಛಂದ ಅದ ಅಂತ ಅವ್ರು ಮೂರು ತಾಲೂಕಿನಾಗ ಹೇಳ್ಯಾರ. ಕುಡೀದೆ ಬಾಳಂಗಿಲ್ಲ ಅಂತ ನೀ ಹೇಳಾಕತ್ತೀದಿ. ಇಬ್ಬರೂ ಒಂದೇ." ಸಣ್ಣ ಮಾಮಾ ನನ್ನ ಬೆನ್ನ ಮೇಲಿನ ಕೈ ತೆಗೆದರು. "ನಾ ಹೋಗಿ ಕೂತು ಕುಡದು ಬರ್ತೇನಿ. ಛಂದಿದ್ದರ ಛಂದಿತ್ತು ಅಂತೇನಿ. ಹೊಲಸಿದ್ದರ ಹೊಲಸಿತ್ತು ಅಂತೇನಿ. ಆಮ್ಯಾಲ ಸಂತ್ಯಾಗ ಯಾರರ ಕೇಳಿದ್ರ, ನಮ್ಮತ್ತಿ ಕುಡದಾಳ ಅಂತ ಹೇಳು. ಅಷ್ಟು ಹೇಳಿದ್ರ ನಿನ್ನ ನಾಲಗಿ ಏನೂ ಹೊಲಸಾಗಂಗಿಲ್ಲ. ಮಾಳಿಗಿ ಇನ್ನೊಂದು ಮಳಿಗಾಲ ತಡೀತದ."

ಸಣ್ಣ ಮಾಮಾ ರುಮಾಲು ಝಾಡಿಸಿಕೊಂಡು ಎದ್ದು ಹೋದರು. ಮರುದಿನ ಬಂದು, ರೈಲಿನಲ್ಲಿ ಹೆಂಗಸರ ಡಬ್ಬಿ ಯಾವ ಕಡೆ ಇರುತ್ತದೆ ಎಂದು ನನಗೆ ಎರಡು ಸಲ ಬಿಡಿಸಿ ಹೇಳಿದರು.

ದರ್ವಾನ ಕಾಲು ನೋಡುತ್ತಾನೆ ಎಂದು ಅತ್ತಿಗೆ ಹೇಳಿದ್ದೆ. ಹೋದ ವಾರ ಹೊಸ ಚಪ್ಪಲಿ ಹೊಲಿಸಿದ್ದಾರೆ. ನನಗೂ ಒಂದು ಜೊತೆ. ಅವು ಮೆತ್ತಗಾಗಲೆಂದು ಎಣ್ಣೆ ಹಚ್ಚಿ ಅಂಗಳದಲ್ಲಿ ಅತ್ತಿತ್ತ ನಡೆದಾಡುತ್ತಾರೆ. ಬೆರಳು ಸುಲಿದಿದೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಯಾಕ ಬೇ ನಾಗಮ್ಮಾ, ಮದುವಿಗಿ ಹೊಂಟೀದಿ ಏನ?" ಎಂದು ಕೇಳುತ್ತಾರೆ. "ಚಾ ಕುಡೀಲಿಕ್ಕ" ಎನ್ನುತ್ತಾರೆ ಅತ್ತಿ. ಅವರು ಅದನ್ನು ಚೇಷ್ಟೆ ಎಂದುಕೊಂಡು ನಗುತ್ತಾರೆ.

ಸಾಯಬಣ್ಣನಿಗೆ ಕಾರ್ಡು ಬರೆದಿದ್ದೆ, ಮೊನ್ನೆ ಉತ್ತರ ಬಂತು. ಬುಧವಾರ ಮಂದಿ ಕಡಿಮೆ, ಅಂದೇ ಬನ್ನಿ, ಮುಂಬಾಗಿಲಿಂದಲೇ ಬನ್ನಿ, ದರ್ವಾನನಿಗೆ ನಾನು ಹೇಳಿಟ್ಟಿರುತ್ತೇನೆ ಎಂದು ಬರೆಸಿದ್ದಾನೆ. ನೀವು ತೀರಿಕೊಂಡ ಸುದ್ದಿ ಅವನಿಗೆ ನನ್ನ ಕಾರ್ಡಿನಿಂದಲೇ ತಿಳಿದದ್ದು. ಅದರ ಬಗ್ಗೆ ಒಂದೇ ಸಾಲು ಇದೆ. ಬರಲಿಲ್ಲವಲ್ಲ ಎಂದು ಬಾಗಿಲು ನೋಡುತ್ತಿದ್ದೆ, ಎಂದು.

ಆ ಚಹಾ ಅಷ್ಟು ಬೆಲೆ ಬಾಳುತ್ತದೆ ಎಂದು ನನಗೆ ಈಗಲೂ ಅನ್ನಿಸಿಲ್ಲ. ಅತ್ತಿ ಹೊರಟರೆಂದು ನನ್ನ ಮಾತು ಬದಲಿಸುವುದಿಲ್ಲ. ಆದರೆ ಕುಡಿಯದೆ ಹೇಳಿದ ಮಾತು ಅದು, ಅಷ್ಟನ್ನು ಒಪ್ಪುತ್ತೇನೆ. ಅಲ್ಲಿ ಕೂತಾಗ ನನಗೂ ಒಂದು ಕಪ್ಪು ಬರುತ್ತದಂತೆ. ಕುಡಿದು, ಹೇಗಿದೆಯೋ ಹಾಗೆ ಹೇಳುತ್ತೇನೆ. ನಿಮ್ಮ ಕಥೆಯಲ್ಲಿ ಯಾವುದು ಖರೆ, ಯಾವುದು ನೀವು ಸೇರಿಸಿದ್ದು, ಅದನ್ನೂ ನೋಡಿಕೊಂಡು ಬರುತ್ತೇನೆ. ಮೂರನೆಯ ಅಂತಸ್ತಿನಲ್ಲಿ ಏನಿರುತ್ತದೆ ಎಂದು ನೀವು ಒಂದೊಂದು ಸಂತೆಯಲ್ಲಿ ಒಂದೊಂದು ಹೇಳುತ್ತಿದ್ದಿರಿ.

ಗಂಟು ಕಟ್ಟಿದ್ದಾಗಿದೆ. ದಾರಿಗೆ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಇದೆ. ನಾಳೆ ಬೆಳಿಗ್ಗೆ ಸ್ಟೇಶನ್ನಿಗೆ ಹೋಗುವ ಮೊದಲ ಬಸ್ಸಿಗೆ ಅತ್ತಿ, ನಾನು ಇಬ್ಬರೂ ಹೊರಡುತ್ತೇವೆ.